ಐದು ಚಿತ್ರಗಳ ಗಿಳಿಪಾಠ

ನಾಯಿ, ಚೆಂಡು, ಛತ್ರಿ, ಗಡಿಯಾರ, ಮೀನು. ಒಂದು ವಾರ ನಮ್ಮ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ.

ಶಾಲೆಗೆ ಸೇರುವ ಮುನ್ನ ಮಕ್ಕಳನ್ನು ತಪಾಸಣೆ ಮಾಡಿ, ಮಾತಿನಲ್ಲಿ, ಕಲಿಕೆಯಲ್ಲಿ ತೊಂದರೆ ಇರುವವರಿಗೆ ವಿಶೇಷ ಶಿಕ್ಷಕಿಯನ್ನು ಗೊತ್ತುಮಾಡುತ್ತಾರೆ. ಅಣ್ಣನ ಮಗಳು ಗುಬ್ಬಿಗೆ ನಾಲ್ಕೂವರೆ ವರ್ಷ. ಬಾಯಾರಿದರೂ ನೀರು ಕೇಳಲು ಬಾರದು. ನನ್ನ ಕೈ ಹಿಡಿದು ಜಗ್ಗಿನ ಹತ್ತಿರ ಎಳೆಯುತ್ತಾಳೆ. ಆ ಶಿಕ್ಷಕಿ ಯಾರಿಗೆ ಬೇಕೋ ಬೇಡವೋ, ಇವಳಿಗಂತೂ ಬೇಕೇ ಬೇಕಿತ್ತು.

ಅಮ್ಮ ಮಾತ್ರ ಇದನ್ನು ರ‍್ಯಾಂಕು ಕೊಡುವ ಪರೀಕ್ಷೆ ಎಂದುಕೊಂಡಳು. ಪಕ್ಕದ ಮನೆಯ ಮಗುವಿಗೆ ತೋರಿಸಿದ ಚಿತ್ರಗಳನ್ನು ವಿಚಾರಿಸಿಕೊಂಡು ಬಂದು, ಅದೇ ವರಸೆಯಲ್ಲಿ ಬಾಯಿಪಾಠ ಮಾಡಿಸಿದಳು.

"ಅಮ್ಮ, ಚೆಂಡು ಅಂದ್ರೆ ಏನೂಂತ ಅವಳಿಗೆ ಗೊತ್ತಿಲ್ಲ," ಎಂದೆ.

"ಗೊತ್ತಾಗಿ ಏನಾಗ್ಬೇಕು? ಹೇಳಿದ್ರೆ ಸಾಕು. ಇವಳಪ್ಪನೂ ತಡವಾಗೇ ಮಾತಾಡಿದ್ದು. ಡಿಗ್ರಿ ಮುಗಿಸಿದ್ರೂ ನಿನ್ನ ಬಾಯಲ್ಲಿ ನಾಲ್ಕು ಮಾತು ಹೊರಡಲ್ಲ, ನಿನಗ್ಯಾವ ಟೀಚರ್ ಕರೆಸಿದ್ವಿ?"

"ಚೆನ್ನಾಗಿ ಓದಿಸಮ್ಮ," ಎಂದು ಅಣ್ಣ ತಂದೆಯ ಕರ್ತವ್ಯ ಮುಗಿಸಿ ಮೊಬೈಲಿಗೆ ಮರಳಿದ. ಅತ್ತಿಗೆ ಮಗಳ ಜಡೆ ಬಿಗಿಯುತ್ತಿದ್ದಳು. ನಾನು ಡೈರಿಯಲ್ಲಿ ಎರಡು ಪುಟ ಬೈದೆ.

ತಪಾಸಣೆಯ ದಿನ ಮೇಡಂ ಒಂದು ಕೈಯಲ್ಲಿ ಕಾರ್ಡು ಎತ್ತುತ್ತಿದ್ದರು, ಇನ್ನೊಂದರಲ್ಲಿ ಫಾರಂ ತುಂಬುತ್ತಿದ್ದರು. ಮಗುವನ್ನು ನೋಡಲು ಮೂರನೆಯ ಕೈ ಇರಲಿಲ್ಲವೇನೋ. ಗುಬ್ಬಿ ಫ್ಯಾನು ನೋಡುತ್ತಾ ಐದನ್ನೂ ಒಪ್ಪಿಸಿದಳು.

"ವೆರಿ ಗುಡ್! ಈ ಮಗುಗೇನ್ರೀ ಆಗಿದೆ?"

ಅಮ್ಮ ತಾನೇ ಪಾಸಾದವಳಂತೆ ಬೆನ್ನು ನೆಟ್ಟಗೆ ಮಾಡಿ ಕೂತಳು. ಮೇಡಂ ಅವರ ಪೆನ್ನು ಕೊನೆಯ ಸಾಲಿಗೆ ಬಂತು. ಅಲ್ಲಿ 'ತೊಂದರೆ ಇಲ್ಲ' ಎಂದು ಬಿದ್ದರೆ ಮುಂದಿನ ವರ್ಷದ ತಪಾಸಣೆಯವರೆಗೂ ಶಿಕ್ಷಕಿಯಿಲ್ಲ.

ನನ್ನ ಬಾಯಿಗಿಂತ ಕೈ ಮುಂದಾಯಿತು. ಕಾರ್ಡುಗಳನ್ನು ಎತ್ತಿಕೊಂಡು, ಮೀನು ಮೊದಲು ಬರುವಂತೆ ಜೋಡಿಸಿದೆ.

"ಮೇಡಂ... ಇನ್ನೊಂದ್ಸಲ. ಹಿಂದಿನಿಂದ."

ಅವರು ಹುಬ್ಬು ಗಂಟಿಕ್ಕಿ ಮೀನು ಎತ್ತಿದರು. "ನಾಯಿ," ಎಂದಳು ಗುಬ್ಬಿ, ಫ್ಯಾನಿಗೆ. ಗಡಿಯಾರಕ್ಕೆ ಚೆಂಡು. ಛತ್ರಿ ಮಾತ್ರ ನಟ್ಟನಡುವೆ ಇದ್ದದ್ದರಿಂದ ಛತ್ರಿಯಾಗಿಯೇ ಉಳಿಯಿತು. ಚೆಂಡು ಗಡಿಯಾರವಾಯಿತು, ನಾಯಿ ಮೀನಾಯಿತು.

"ಛತ್ರಿ ಸರಿಯಾಗೇ ಹೇಳಿದ್ಳಲ್ಲ! ಐದಕ್ಕೆ ಒಂದಾದ್ರೂ ಕೊಡಿ," ಎಂದು ಅಮ್ಮ ಚೌಕಾಸಿಗಿಳಿದಳು.

ಮೇಡಂ ಆಗ ಮೊದಲ ಬಾರಿಗೆ ತಲೆಯೆತ್ತಿ ಮಗುವನ್ನು ನೋಡಿದರು. ಎರಡು ಸಲ ಅವಳನ್ನು ಕರೆದರು. ಅವಳು ತಿರುಗಲಿಲ್ಲ. ಚೀಟಿ ಬರೆದರು: ವಿಶೇಷ ಶಿಕ್ಷಕಿ, ವಾರಕ್ಕೆ ಮೂರು ದಿನ, ಸೋಮವಾರದಿಂದ.

"ಮನೆ ಮಾನ ಕಳೆದೆಯಲ್ಲೇ! ಬಾಯಿ ಬಿಡದವಳು ಬಿಟ್ಟಿದ್ದು ಇದಕ್ಕಾ?" ಎಂದು ಅಮ್ಮ ಚೀಟಿಗೆ ಕೈಚಾಚಿದಳು. ಅಷ್ಟರಲ್ಲಿ ಅತ್ತಿಗೆ ಅದನ್ನು ತೆಗೆದುಕೊಂಡು ಬ್ಯಾಗಿನೊಳಗಿಟ್ಟು ಜಿಪ್ ಎಳೆದಿದ್ದಳು.

ಬಾಗಿಲ ಬಳಿ ಅಮ್ಮ ನಿಂತು, ಬೆಣ್ಣೆ ಹಚ್ಚುವ ದನಿಯಲ್ಲಿ ಕೇಳಿದಳು:

"ಮೇಡಂ, ಮುಂದಿನ ವರ್ಷ ಯಾವ್ಯಾವ ಚಿತ್ರ ಇಡ್ತೀರಿ?"