ಊಟದ ಹೊತ್ತಿನ ಸೆಟ್ಟಿಂಗ್

ಹಮಾಲರಿಬ್ಬರು ಐದನೆಯ ಮೇಜನ್ನು ಗೋಡೆಯ ಕಡೆಗೆ ಎಳೆಯುವ ಮೊದಲು ಜಯಮಾಲಾ ಅದರ ಡ್ರಾಯರಿನಿಂದ ಬಾಚಣಿಗೆ, ಅಡಿಕೆ ಚೀಲ, ಬೆರಳಿಗೆ ಸುತ್ತಿಕೊಳ್ಳುವ ಬಟ್ಟೆಯ ಪಟ್ಟಿಗಳನ್ನು ತೆಗೆದುಕೊಂಡಳು. ಅವಳು ಬೈಯುತ್ತಾಳೆಂದು ಸೂಪರ್‌ವೈಸರ್ ಗುರುಶಾಂತ ತಯಾರಾಗಿ ಬಂದಿದ್ದ. ಬಸವಕಲ್ಯಾಣದಿಂದ ಬರುವ ಬಸ್ಸಿನಲ್ಲಿ ಉತ್ತರಗಳನ್ನೂ ಹೊಂದಿಸಿಕೊಂಡಿದ್ದ. ಅವಳು ಬೈಯಲಿಲ್ಲ.

ಹುಮನಾಬಾದದ ಹೊರಗಿನ ಆ ಕಾರ್ಖಾನೆಯಲ್ಲಿ ಬೋರ್‌ವೆಲ್ ಮೋಟರಿನ ಸ್ಟಾರ್ಟರ್ ಪೆಟ್ಟಿಗೆಗಳನ್ನು ಜೋಡಿಸುತ್ತಾರೆ. ಸಾಲಾಗಿ ಕೂತ ಹೆಂಗಸರಲ್ಲಿ ಒಬ್ಬಳ ಕೈಯಿಂದ ಮುಂದಿನವಳ ಕೈಗೆ ಪೆಟ್ಟಿಗೆ ಸಾಗುತ್ತದೆ. ದಿನಾ ಊಟದ ಹೊತ್ತಿಗೆ ಸಣ್ಣ ಪೆಟ್ಟಿಗೆ ಮುಗಿಯುತ್ತದೆ; ಊಟವಾದ ಮೇಲೆ ದೊಡ್ಡದು ಶುರುಮಾಡಲು ಪ್ರತಿ ಮೇಜಿನ ಮೇಲೆ ಪೆಟ್ಟಿಗೆಯನ್ನು ಹಿಡಿದಿಡುವ ಕಬ್ಬಿಣದ ಚೌಕಟ್ಟು ಬಿಚ್ಚಿ ಬೇರೆಯದನ್ನು ಕೂರಿಸಬೇಕು. ಅದನ್ನು ಸೆಟ್ಟಿಂಗ್ ಅನ್ನುತ್ತಾರೆ. ಅಷ್ಟು ಹೊತ್ತು ಇಡೀ ಲೈನ್ ನಿಂತಿರುತ್ತದೆ.

ಸಂಜೆ ತರಗತಿಯ ಡಿಪ್ಲೊಮಾದಲ್ಲಿ ಗುರುಶಾಂತ ಈ ಸೆಟ್ಟಿಂಗಿನ ಹೊತ್ತನ್ನೂ ಸೇರಿಸಿ ಕೆಲಸ ಹಂಚುವ ಲೆಕ್ಕ ಕಲಿತಿದ್ದ. ಹಂಚಿಕೆ ಸರಿಯಾದರೆ ಯಾರ ಮುಂದೆಯೂ ರಾಶಿ ಬೀಳುವುದಿಲ್ಲ, ಯಾರೂ ಸುಮ್ಮನೆ ಕಾಯುವುದಿಲ್ಲ. ಹೆಂಗಸರಿಗೆ ಹಗುರಾಗಲಿ ಎಂದೇ ಶುರು ಮಾಡಿದ್ದು ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಹೇಳಿಕೊಂಡಷ್ಟೂ ಅನುಮಾನ ಬೆಳೆಯುತ್ತಿತ್ತು. ಗಡಿಯಾರ ಹಿಡಿದು ಅಳೆದ ದಿನ ಸೆಟ್ಟಿಂಗ್ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಮುಗಿದಿತ್ತು. ಆ ಅಳತೆ ಹಾಕಿ ಲೆಕ್ಕ ಮಾಡಿದರೆ ಒಂದು ಮೇಜು ಹೆಚ್ಚಾಗುತ್ತಿತ್ತು. ಎಲ್ಲೋ ತಪ್ಪಿದೆ, ಇನ್ನೊಮ್ಮೆ ಅಳೆಯಬೇಕು ಅಂದುಕೊಳ್ಳುವಷ್ಟರಲ್ಲಿ ಮ್ಯಾನೇಜರ್ ಅನೀಲಕುಮಾರ ಹಾಳೆಯನ್ನು ತೆಗೆದುಕೊಂಡು ಹೋಗಿದ್ದ. ಹೆಚ್ಚಾದ ಮೇಜೆಂದು ಜಯಮಾಲಾಳದನ್ನು ತೆಗೆಸಿ ಅವಳನ್ನು ಕೆಲಸದಿಂದ ಬಿಡಿಸಿದ್ದ.

"ನನ್ನ ಮ್ಯಾಲ ಸಿಟ್ಟಿಲ್ಲೇನಕ್ಕಾ?"

"ನಿನ್ನ ಮ್ಯಾಲ ಯಾಕ ತಮ್ಮಾ, ನಾವೇ ಮಾಡ್ಕೊಂಡಿದ್ದು." ಜಯಮಾಲಾ ಪಟ್ಟಿಗಳನ್ನು ಸುತ್ತಿ ಸೆರಗಿನಲ್ಲಿ ಕಟ್ಟಿಕೊಂಡಳು. "ನೀ ಅಳಿಯಾಕ ಬರ್ತಿ ಅಂತ ಗೊತ್ತಿತ್ತು. ಸಾಹೇಬರ ಮುಂದ ನಿನ್ನ ಹೆಸರು ಕೆಡಬಾರ್ದಂತ ನಾನೇ ಎಲ್ಲಾರಿಗೂ ಹೇಳ್ದೆ. ಊಟದ ಹೊತ್ತಿನ್ಯಾಗ ಚೌಕಟ್ಟು ಬಿಚ್ಚಿ ಹೊಸಾವು ಕೂಡಿಸಿ, ನೀ ಬಂದಾಗ ಬಿಗಿಯಾಕ ಒಂದೊಂದು ಬೋಲ್ಟ್ ಅಷ್ಟೇ ಬಿಟ್ಟಿದ್ವಿ. ಅವತ್ತ ಯಾರೂ ರೊಟ್ಟಿ ತಿಂದಿಲ್ಲ."

ದಿನಾ ಊಟದ ಹೊತ್ತಿಗೆ ಅವನು ಅವರೊಂದಿಗೆ ಬೇವಿನ ಮರದ ಕೆಳಗೆ ಕೂರುತ್ತಿದ್ದ. ಅವನಿಗೊಂದು ರೊಟ್ಟಿ ಜಯಮಾಲಾಳ ಬುತ್ತಿಯಲ್ಲಿ ಬರುತ್ತಿತ್ತು. ಅಳತೆಯ ಆ ಒಂದು ದಿನ ಮ್ಯಾನೇಜರ್ ಮೊದಲ ಸಲ ತನ್ನ ಕೋಣೆಗೆ ಊಟಕ್ಕೆ ಕರೆದಿದ್ದ. ಹೋಗಿದ್ದ.

ಅವಳಿಗೆ ಅಲ್ಲೇ ನಿಲ್ಲಲು ಹೇಳಿ ಗುರುಶಾಂತ ಆ ಕೋಣೆಗೇ ನಡೆದ. ತನ್ನ ಅಳತೆ ಸುಳ್ಳು, ಹೆಂಗಸರು ಊಟ ಬಿಟ್ಟು ಮೊದಲೇ ಸೆಟ್ಟಿಂಗ್ ಮಾಡಿಟ್ಟಿದ್ದರು, ಜಯಮಾಲಾಳ ಮೇಜು ಬೇಕೇ ಬೇಕು ಎಂದು ತಡವರಿಸುತ್ತ ಎಲ್ಲವನ್ನೂ ಹೇಳಿದ. ತನ್ನ ಕೆಲಸವೂ ಹೋಗಬಹುದು ಅನ್ನಿಸಿತು. ಅನೀಲಕುಮಾರ ಸಮಾಧಾನದಿಂದ ಕೇಳಿಸಿಕೊಂಡ, ನಡುವೆ ಚಹಾ ತರಿಸಿದ.

"ಅಂದ್ರ ಊಟದ ಹೊತ್ತಿನ್ಯಾಗ ಸೆಟ್ಟಿಂಗ್ ಆಗ್ತದಂತಾತು. ಭಾಳ ಚೊಲೋ ಹೇಳ್ದಿ. ನಾಳಿಂದ ದಿನಾ ಹಂಗೇ ಮಾಡಸು."

"ಅವ್ರು ಊಟ ಯಾವಾಗ ಮಾಡಬೇಕ್ರಿ ಸರ್?"

"ಕೆಲಸ ಕೈಗಪಾ. ಬಾಯಿ ಖಾಲಿ ಇರ್ತದಲ್ಲ."

ಅಷ್ಟು ಹೇಳಿ ಮ್ಯಾನೇಜರ್ ಫೋನ್ ಎತ್ತಿಕೊಂಡ. ಗುರುಶಾಂತ ಹೊರಗೆ ಬಂದಾಗ ಜಯಮಾಲಾ ಗೇಟಿನ ಆಚೆ ಮಾಣಿಕನಗರದ ಆಟೊ ಹತ್ತುತ್ತಿದ್ದಳು. ಇವನನ್ನು ಕಂಡು, ಹೋಗಿ ಬರುತ್ತೇನೆ ಎನ್ನುವಂತೆ ಕೈ ಮಾಡಿದಳು.

ಮರುದಿನ ಊಟದ ಗಂಟೆ ಹೊಡೆದಾಗ ಬೇವಿನ ಮರದ ಕಡೆಗೆ ಯಾರೂ ಹೋಗಲಿಲ್ಲ. ಮೊದಲನೆಯ ಮೇಜಿನ ವರ್ಷಾ ತುತ್ತು ಬಾಯಿಗಿಟ್ಟುಕೊಂಡೇ ಪಾನಾ ಹಿಡಿದು ಬೋಲ್ಟ್ ಬಿಚ್ಚತೊಡಗಿದಳು. ನಿಂತು ನೋಡಲಾಗದೆ ಗುರುಶಾಂತ ದೊಡ್ಡ ಚೌಕಟ್ಟನ್ನು ಎತ್ತಿ ಅವಳಿಗಾಗಿ ಹಿಡಿದ.

ವರ್ಷಾ ಬುತ್ತಿಯಿಂದ ಒಂದು ಜೋಳದ ರೊಟ್ಟಿಯನ್ನು ಸುರುಳಿ ಸುತ್ತಿ ಅವನ ಮುಂದೆ ಚಾಚಿದಳು. "ತಗೋರಿ ಅಣ್ಣಾ. ಅಕ್ಕ ಹೇಳಿ ಹೋಗ್ಯಾಳ."

ಅವನ ಎರಡೂ ಕೈಯಲ್ಲಿ ಚೌಕಟ್ಟಿತ್ತು. ಅವಳು ಸ್ವಲ್ಪ ಕಾದು, ರೊಟ್ಟಿಯನ್ನು ಪೆಟ್ಟಿಗೆಗಳ ಮೇಲಿಟ್ಟು ಮತ್ತೆ ಬೋಲ್ಟಿಗೆ ಬಾಗಿದಳು. ಬಿಳಿ ರೊಟ್ಟಿಯ ಮೇಲೆ ಅವಳ ಬೆರಳುಗಳ ಗ್ರೀಸ್ ಕಪ್ಪಗೆ ಮೂಡಿತ್ತು.