ಹಾಲು ಬಿಗಿಹಿಡಿದ ಹಸು

ಕಿರಂಗೂರಿನ ಕೆಂಪಣ್ಣ ದನದ ಮೂತಿ ನೋಡಿಯೇ ಅದರ ಗುಣ ಹೇಳಿಬಿಡುತ್ತಿದ್ದ. ಅಂಥ ಜಾಣ ಕಟ್ಟಿಕೊಂಡ ಹೆಂಡತಿಯ ಕೈಯನ್ನು ಮಾತ್ರ ಒಂದು ದಿನವೂ ಸರಿಯಾಗಿ ನೋಡಿರಲಿಲ್ಲ.

ತೊಂಬತ್ತಾರರ ಬೇಸಿಗೆಯಲ್ಲಿ ಅವರ ಕೆಂದಿ ಹಸುವಿನ ಹಾಲು ದಿನದಿಂದ ದಿನಕ್ಕೆ ಇಳಿಯಿತು. ಡೈರಿಯಲ್ಲಿ ನಾಲ್ಕು ಜನರೆದುರು ಹಾಲು ಸುರಿಯಲು ಕೆಂಪಣ್ಣನಿಗೆ ನಾಚಿಕೆ.

“ಕಳ್ಳಮುಂಡೇದು, ಹಾಲು ಬಿಗಿ ಇಡೀತಾ ಐತೆ,” ಎಂದು ಹಸುವನ್ನು ಬೈದ.

“ಅದ್ನ ಬೈಬ್ಯಾಡಿ. ನನ್ ಕೈಯೇ ಸೋಲ್ತಾ ಐತೆ ಕಣ್ರೀ,” ಎಂದಳು ದಿನಾ ಹಾಲು ಕರೆಯುತ್ತಿದ್ದ ಅವನ ಹೆಂಡತಿ ಚಲುವಮ್ಮ.

“ಅದ್ನ ವಯಿಸ್ಕೊಂಡು ಬರ್ಬ್ಯಾಡ, ಸುಮ್ಕಿರು.”

ಅವಳು ಕರುವಾಗಿನಿಂದ ಸಾಕಿದ್ದ ಕೆಂದಿಯನ್ನು ಕೆಂಪಣ್ಣ ಪಾಂಡವಪುರದ ತಮ್ಮಯ್ಯನಿಗೆ ಕೊಟ್ಟು, ಬದಲಿಗೆ ಅವನ ಕರಿಹಸುವನ್ನು ಹೊಡೆದುಕೊಂಡು ಬಂದ. ಚಲುವಮ್ಮ ಸರಿಯಾಗಿ ಉಣ್ಣಲಿಲ್ಲ. ಅದನ್ನೂ ಹಟವೆಂದುಕೊಂಡ, ಪುಣ್ಯಾತ್ಮ.

ಸ್ವಲ್ಪ ದಿನಕ್ಕೆ ಕರಿಹಸುವಿನ ಹಾಲೂ ಇಳಿಯಿತು. ಮೋಸಹೋದೆನೆಂದು ಜಗಳಕ್ಕೆ ಹೋದರೆ ತಮ್ಮಯ್ಯ ನಕ್ಕ.

“ನಿನ್ ಕೆಂದಿ ಬಕೀಟು ತುಂಬಾ ಕೊಡ್ತದೆ ಕಣ್ಲಾ. ನನ್ ಕರೀದೂ ಅಂಗೇ ಕೊಡ್ತಿತ್ತು. ಹಾಲ್ ಕರಿಯೋರ ಕೈ ನೋಡೋಗು ಮೊದ್ಲು.”

ಮನೆಗೆ ಬಂದವನೇ ಚಲುವಮ್ಮನ ಬಲಗೈ ಹಿಡಿದು ನೋಡಿದ. ಹೆಬ್ಬೆರಳು, ತೋರುಬೆರಳ ನಡುವಿನ ಮಾಂಸ ಕರಗಿ ಗುಳಿಬಿದ್ದಿತ್ತು. ತೋಳಿನ ಚರ್ಮದಡಿ ಏನೋ ಸುಮ್ಮಸುಮ್ಮನೆ ಅದುರುತ್ತಿತ್ತು. ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ.

ಮೈಸೂರಿನ ಡಾಕ್ಟರು ಕೇಳಿದರು: ಬಟ್ಟೆ ಹಿಂಡಲು ಆಗುತ್ತಿರಲಿಲ್ಲವೇ? ಕೈಯಿಂದ ಪಾತ್ರೆ ಜಾರುತ್ತಿತ್ತೇ? ಕೆಂಪಣ್ಣನಿಗೆ ಎಲ್ಲವೂ ಗೊತ್ತಿತ್ತು. ಒಂದೊಂದಕ್ಕೂ ಅವಳನ್ನು ಬೈದಿದ್ದ. ಇದು ಅಪರೂಪದ ಕಾಯಿಲೆ, ಮೈಯನ್ನು ಆಡಿಸುವ ನರಗಳೇ ಸಾಯುತ್ತಾ ಹೋಗುತ್ತವೆ, ಮೊದಲೇ ಬಂದಿದ್ದರೂ ವಾಸಿಯಾಗುತ್ತಿರಲಿಲ್ಲ ಎಂದರು ಡಾಕ್ಟರು.

“ಆದರೆ ಅವರಿಗೆ ಇಷ್ಟು ದಿನದ ದುಡಿಮೆಯಾದರೂ ತಪ್ಪುತ್ತಿತ್ತು.”

ಆ ಮಾತು ಅವನನ್ನು ಒಳಗೊಳಗೇ ತಿಂದುಹಾಕಿತು. ಅವಳು ಬಾಯಿಬಿಟ್ಟು ಹೇಳಿದ್ದಳಲ್ಲ!

ಮರುದಿನವೇ ತಮ್ಮಯ್ಯನ ಕೈಕಾಲು ಹಿಡಿದು, ಕರಿಹಸುವನ್ನು ಅವನಿಗೆ ಬಿಟ್ಟು ಕೆಂದಿಯನ್ನು ವಾಪಸು ತಂದ. ಚಲುವಮ್ಮ ಅದರ ಹತ್ತಿರ ಓಡಲು ಹೋಗಿ, ಆಗದೆ ಕಂಬ ಹಿಡಿದು ನಿಂತಳು.

“ಇನ್ ಕರಿಯೋರ್ಯಾರು?”

“ನಾನೇ.”

ಸಂಜೆ ಕೆಂಪಣ್ಣ ಬಕೆಟ್ಟು ಹಿಡಿದು ಕೂತ. ಎಷ್ಟು ಎಳೆದರೂ ಒಂದು ತೊಟ್ಟು ಇಳಿಯಲಿಲ್ಲ. ಕೆಂದಿ ಈಗ ನಿಜವಾಗಿಯೂ ಹಾಲು ಬಿಗಿಹಿಡಿದಿತ್ತು. ಚಲುವಮ್ಮ ನಿಧಾನಕ್ಕೆ ಬಂದು, ಮುಷ್ಟಿ ಕಟ್ಟಲಾಗದ ಕೈಯನ್ನು ಅದರ ಬೆನ್ನ ಮೇಲಿಟ್ಟಳು.

“ಬುಡವ್ವ, ನಮ್ಮೋರೇಯ.”

ಹಾಲು ಸೊರ್ರೆಂದು ಬಕೆಟ್ಟಿಗೆ ಬಿತ್ತು. ಕೆಂಪಣ್ಣ ಕರೆಯುತ್ತಲೇ ಅತ್ತ.

“ಬಗ್ಗಿ ಅಳಬ್ಯಾಡಿ,” ಎಂದಳು ಚಲುವಮ್ಮ. “ಹಾಲಿಗೆ ಬೀಳ್ತದೆ.”