ಏಣಿ ಬುಡದ ಚಪ್ಪಲಿ

"ಚಪ್ಪಲಿ ಮೆಟ್ಕೊಂಡು ಯಾವ ಬೋಳಿಮಗ ಚಾವಣಿ ಹತ್ತುತ್ತಾನೆ? ಹೇಳೇ. ಬಾಯಲ್ಲೇನು ಗಾರೆ ತುಂಬ್ಕೊಂಡಿದ್ದೀಯ?"

ಗುತ್ತಿಗೆದಾರ ಮೇಜು ಗುದ್ದಿದ ರಭಸಕ್ಕೆ ಮಾದರಿಗೆಂದು ಜೋಡಿಸಿಟ್ಟ ಹೆಂಚಿನ ಚೂರುಗಳು ಕುಣಿದವು. ಶಾಲೆ ಕಟ್ಟಡದ ಮಗ್ಗುಲಲ್ಲಿ ನಿಲ್ಲಿಸಿದ್ದ ತಗಡಿನ ಕೋಣೆಯೇ ಅವನ ಕಚೇರಿ. ಇದ್ದ ಎರಡು ಕುರ್ಚಿಗಳಲ್ಲಿ ಒಂದರಲ್ಲಿ ಅವನು, ಇನ್ನೊಂದರಲ್ಲಿ ವಿಮೆ ಕಂಪನಿಯಿಂದ ವಿಚಾರಣೆಗೆ ಬಂದಿದ್ದ ಸಾಹೇಬ. ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಹೆಂಚು ಹೊರುವ ಅವಳನ್ನು ಗುಂಪೆಲ್ಲ ಅಕ್ಕ ಎಂದೇ ಕರೆಯುತ್ತಿತ್ತು. ಅವರಲ್ಲಿ ಚಾವಣಿಯಿಂದ ಬಿದ್ದವನೊಬ್ಬ ಮಾತ್ರ ಅವಳ ಒಡಹುಟ್ಟಿದ ತಮ್ಮ.

"ಯಾರೂ ಹತ್ತಲ್ಲ. ಹೆಂಚು ಜಾರುತ್ತೆ. ಬರಿಗಾಲಲ್ಲೇ ಹತ್ತೋದು. ಅವನೂ ಹಾಗೇ ಹತ್ತಿದ್ದ."

"ಕೇಳಿದ್ರಲ್ಲ ಸಾರ್, ಅವಳ ಬಾಯಿಂದಾನೇ ಬಂತು. ಆಸ್ಪತ್ರೆಯವರು ಬರ್ದಿದ್ದಾರೆ, ತಂದಾಗ ಕಾಲಲ್ಲಿ ಚಪ್ಪಲಿ ಇತ್ತು ಅಂತ. ಮೇಲೆ ಹೋದೋನೇ ಅಲ್ಲ ಅವ್ನು. ಅಕ್ಕನ್ನ ಮಾತಾಡಿಸೋಕೆ ಬಂದಿದ್ದ, ಹೆಂಚಿನ ರಾಶಿ ಎಡವಿ ಬಿದ್ದ. ನನ್ನ ಆಳೇ ಅಲ್ಲ."

"ಚಪ್ಪಲಿ ಹಾಕಿದ್ದು ನಾನು ಸಾರ್."

ಸಾಹೇಬ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದ. "ಬೆನ್ನು ಮುರ್ಕೊಂಡು ಬಿದ್ದಿರೋನಿಗೆ? ನೀರು ಕೊಡ್ಲಿಲ್ಲ, ಗಾಡಿ ಹುಡುಕ್ಲಿಲ್ಲ, ಮೊದ್ಲು ಚಪ್ಪಲಿ ಹಾಕಿದ್ಯಾ?" ಎಂದು ನಕ್ಕ.

ಚಾವಣಿಯವರ ಕಟ್ಟಳೆ ಈ ಕುರ್ಚಿಯವರಿಗೆ ಹೇಗೆ ತಿಳಿಯಬೇಕು? ಮೇಲೆ ಹೋಗುವವನು ಏಣಿ ಬುಡದಲ್ಲಿ ಚಪ್ಪಲಿ ಬಿಟ್ಟು ಹೋಗುತ್ತಾನೆ. ಬುಡದಲ್ಲಿ ಒಂದು ಜೊತೆ ಇದ್ದರೂ ಮೇಲೊಂದು ಜೀವ ಇದೆ ಎಂದೇ ಲೆಕ್ಕ. ಯಾರಪ್ಪ ಹೇಳಿದರೂ ಏಣಿ ಅಲ್ಲಾಡಿಸಬಾರದು. ಹಿಂದೊಮ್ಮೆ ನೋಡದೆ ತೆಗೆದಿದ್ದಕ್ಕೆ ಒಬ್ಬ ಇಡೀ ಮಧ್ಯಾಹ್ನ ಕಾದ ಹೆಂಚಿನ ಮೇಲೆ ಬೆಂದು, ಇಳಿಸುವಷ್ಟರಲ್ಲಿ ಮಾತು ಬಿದ್ದುಹೋಗಿತ್ತು. ಇಳಿದವನು ಮಾಡುವ ಮೊದಲ ಕೆಲಸ ಚಪ್ಪಲಿ ಮೆಟ್ಟುವುದು. ತಮ್ಮನೂ ಅಂದು ಇಳಿದಿದ್ದ, ಇಳಿದ ದಾರಿ ಬೇರೆ ಅಷ್ಟೆ. ಅವನನ್ನು ಗಾಡಿಗೆ ಎತ್ತುವಾಗ ಅವಳ ಕೈ ತಾನಾಗಿ ಚಪ್ಪಲಿ ಎತ್ತಿಕೊಂಡಿತ್ತು. ದಿಕ್ಕಿಲ್ಲದವನ ಹಾಗೆ ಬರಿಗಾಲಲ್ಲಿ ಹೋಗುವುದು ಬೇಡ ಅನ್ನಿಸಿತ್ತು. ಆ ಕೈಯೇ ಈಗ ತಮ್ಮನನ್ನು ಚಾವಣಿಯಿಂದ ಅಳಿಸಿಹಾಕಿತ್ತು.

ಅವಳು ಕೈಚೀಲದಿಂದ ಆಸ್ಪತ್ರೆಯವರು ಕವರಿನಲ್ಲಿ ಕಟ್ಟಿಕೊಟ್ಟಿದ್ದ ಚಪ್ಪಲಿ ತೆಗೆದಳು. "ನೋಡಿ ಸಾರ್. ಎಡಗಾಲಿಂದು ಬಲಕ್ಕೆ, ಬಲಗಾಲಿಂದು ಎಡಕ್ಕೆ ತುರುಕಿದ್ದೆ, ಆ ಗಾಬರೀಲಿ. ಆಸ್ಪತ್ರೆ ಆಯಾನ್ನ ಕೇಳಿ. ತಾನೇ ಮೆಟ್ಕೊಂಡೋನು ಹಾಗೆ ಮೆಟ್ಕೊಳ್ತಾನಾ?"

ಸಾಹೇಬ ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡ. "ಅದನ್ನ ಮೇಜಿನ ಹತ್ರ ತರಬೇಡಮ್ಮ. ಆಯಾ ಮಾತು ಬರ್ಕೊಳ್ಳೋಕೆ ಬರಲ್ಲ. ಕೆಲಸದೋರು ಯಾರಾದ್ರೂ ನೋಡಿದ್ರೆ ಹೇಳು."

ನೋಡಿದವರು ಹೊರಗೇ ಇದ್ದರು. ಬೆಳಿಗ್ಗೆ ಒಬ್ಬೊಬ್ಬರಾಗಿ ಇದೇ ಕೋಣೆಗೆ ಬಂದು, ಬಿಸಿಲು ಕಣ್ಣಿಗೆ ಹೊಡೀತಿತ್ತು, ಏನೂ ಕಾಣಲಿಲ್ಲ ಎಂದು ಹೇಳಿ ಹೋಗಿದ್ದರು. ತಮ್ಮ ಬಿದ್ದ ದಿನ ಮೋಡ ಕವಿದಿತ್ತು.

ಗುತ್ತಿಗೆದಾರನ ದನಿ ಬೆಣ್ಣೆಯಾಯಿತು. "ನೋಡು, ಚಾವಣಿ ಹತ್ತೋರಿಗೆ ವಿಮೆ ಕಂತು ಅಂದ್ರೆ ಚರ್ಮ ಸುಲೀತಾರೆ. ನೆಲದ ಕೆಲಸದೋರಿಗೆ ಅಗ್ಗ. ಅದಕ್ಕೇ ನಿಮ್ಮನ್ನೆಲ್ಲ ನೆಲದೋರು ಅಂತ ಬರೆಸಿದ್ದೆ, ನಿಮ್ಮ ಹೊಟ್ಟೆಪಾಡಿಗೇ. ಈಗ ಒಬ್ಬ ಮೇಲಿಂದ ಬಿದ್ದ ಅಂತ ಆದ್ರೆ ನನ್ನ ಕಂತು ಆಕಾಶಕ್ಕೆ ಏರುತ್ತೆ, ಗುತ್ತಿಗೆ ಇನ್ನೊಬ್ಬನ ಪಾಲು. ಎಲ್ಲರ ಅನ್ನಕ್ಕೂ ಕಲ್ಲು ಹಾಕ್ತೀಯಾ?"

ಸಾಹೇಬ ಇದನ್ನು ಬರೆದುಕೊಳ್ಳಲಿಲ್ಲ. ಪೆನ್ನಿನ ಮುಚ್ಚಳ ಹಾಕಿದ.

"ಮತ್ತೆ ಈ ಚಾವಣಿ ಯಾರು ಹೊದಿಸಿದ್ದು ಸಾರ್?" ಅಕ್ಕ ಕೇಳಿದಳು. "ಎಲ್ಲರೂ ನೆಲದಲ್ಲೇ ಇದ್ರೆ ಹೆಂಚು ತಾವೇ ಹಾರ್ಕೊಂಡು ಹೋಗಿ ಕೂತ್ವಾ?"

"ಲೇ, ನಾಲಿಗೆ ಬಿಗಿ ಹಿಡಿ, ಮುಂಡೇದೆ," ಗುತ್ತಿಗೆದಾರ ಎದ್ದು ನಿಂತ. "ಬರೋ ತಿಂಗಳಿಂದ ಆ ತಾಪತ್ರಯಾನೇ ಇಲ್ಲ. ಪ್ರತಿಯೊಬ್ಬನೂ ಅವನವನೇ ಗುತ್ತಿಗೆದಾರ ಅಂತ ರುಜು ಹಾಕ್ತಾನೆ. ನಿಮಗೆ ನೀವೇ ಮಾಲೀಕರು. ಬಿದ್ರೆ ನಿಮ್ಮ ವಿಮೆ, ನಿಮ್ಮ ಹಣೆಬರಹ. ಸಾಹೇಬ್ರೇ ಕೊಟ್ಟ ಉಪಾಯ."

"ಉಪಾಯ ಅಲ್ಲ, ಒಂದು ಆಯ್ಕೆ ಅಂತ ಹೇಳ್ದೆ," ಎಂದು ಸಾಹೇಬ ತಿದ್ದಿದ.

ಹೊರಗೆ ಕಿಟಕಿಗೆ ಕಿವಿಕೊಟ್ಟಿದ್ದ ಕುಳ್ಳ ಕಿಸಕ್ಕೆಂದ. ಏಣಿ ಕಾಯುವ ಕೆಲಸ ಅವನದು. "ನಾನೇ ಮಾಲೀಕ ಆದ್ಮೇಲೆ ಬೋಳಿಮಗ ಅಂತ ನನ್ನ ನಾನೇ ಬೈಕೋಬೇಕೇನ್ರಪ್ಪಾ?" ಪಕ್ಕದವನು ಅವನ ಬಾಯಿ ಮುಚ್ಚಿದ.

"ಕೊನೇ ಮಾತು," ಗುತ್ತಿಗೆದಾರ ಅಂದ. "ತಮ್ಮ ನಿನ್ನ ನೋಡೋಕೆ ಬಂದಿದ್ದ, ಎಡವಿ ಬಿದ್ದ ಅಂತ ಹೇಳು. ಔಷಧಿಗೆ ನಾನು ನೋಡ್ಕೊಳ್ತೀನಿ. ನಿನ್ನ ಕೆಲಸಾನೂ ಇರುತ್ತೆ. ಇಲ್ಲಾ ಅಂದ್ರೆ ಇಬ್ಬರಿಗೂ ಚಿಪ್ಪೇ ಗತಿ."

ಅಕ್ಕನ ಕಣ್ಣ ಮುಂದೆ ಮನೆಯ ಚಾಪೆ ಬಂತು. ಸೊಂಟದ ಕೆಳಗೆ ಜೀವವಿಲ್ಲದೆ ತಮ್ಮ ಮಲಗಿದ್ದ. ಬೆಳಿಗ್ಗೆ ಅವನ ಬಟ್ಟೆ ಬದಲಿಸುವಾಗ ಗೋಡೆ ಕಡೆ ಮುಖ ತಿರುಗಿಸಿಕೊಂಡೇ ಕೇಳಿದ್ದ: "ಅಕ್ಕಾ, ಕಾಲಂತೂ ಬರಲ್ಲ, ಗೊತ್ತು. ಔಷಧೀನೂ ಹಾಳಾಗ್ಲಿ. ನಾನು ಮೇಲೆ ಇದ್ದೆ ಅಂತ ಹೇಳ್ತೀಯಲ್ಲ? ಎಡವಿ ಬಿದ್ದೋನು ಅಂದ್ರೆ ನಗ್ತಾರೆ ಕಣೇ."

"ಬರ್ಕೊಳ್ಳಿ ಸಾರ್," ಎಂದಳು. "ನನ್ನ ತಮ್ಮ ಮೇಲೆ ಇದ್ದ."

"ಸಾಕ್ಷಿ ಇಲ್ಲ ಅಂತ ಬರ್ಕೋಬೇಕಾಗುತ್ತೆ," ಎಂದ ಸಾಹೇಬ.

"ಅದನ್ನೂ ಬರ್ಕೊಳ್ಳಿ."

ಚಪ್ಪಲಿ ಕೈಯಲ್ಲಿ ಹಿಡಿದು ಹೊರಬಂದಳು. ಚಾವಣಿಯ ಮುಂಬದಿಗೆ ಹೆಂಚು ಹೊದಿಸಿ ಮುಗಿದಿತ್ತು. ಮೇಲಿನವರೆಲ್ಲ ಇಳಿದು, ಚಪ್ಪಲಿ ಮೆಟ್ಟಿ, ಏಣಿಯನ್ನು ಹಿಂಬದಿಗೆ ಸಾಗಿಸಲು ನಿಂತಿದ್ದರು. ಕುಳ್ಳ ಕೆಳಗಿನ ಮೆಟ್ಟಿಲಿಗೆ ಕೈ ಹಾಕಿದ್ದ. ಅಕ್ಕ ನೇರ ಅಲ್ಲಿಗೆ ಹೋದಳು. ಬಗ್ಗಿ, ತಮ್ಮನ ಚಪ್ಪಲಿಯನ್ನು ಏಣಿ ಬುಡದಲ್ಲಿ ಇಟ್ಟಳು. ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ.

ಕುಳ್ಳ ಕೆಂಡ ಮುಟ್ಟಿದವನ ಹಾಗೆ ಕೈ ತೆಗೆದ.

ಅವಳು ಯಾರ ಮುಖವನ್ನೂ ನೋಡಲಿಲ್ಲ. ತಲೆಯ ಸಿಂಬಿ ತೆಗೆದು ಹೆಂಚಿನ ರಾಶಿಯ ಮೇಲೆ ಎಸೆದು ಗೇಟಿನ ಕಡೆ ನಡೆದಳು.

"ಏಯ್, ಕೆಲಸ ಬಿಟ್ಟು ಎಲ್ಲಿಗೇ? ಇವತ್ತು ಹೋದ್ರೆ ನಾಳೆ ಈ ಕಡೆ ತಲೆ ಹಾಕೋ ಹಾಗಿಲ್ಲ," ಗುತ್ತಿಗೆದಾರ ಬಾಗಿಲಿಗೆ ಬಂದು ಕೂಗಿದ. ಅವಳು ತಿರುಗಲಿಲ್ಲ. ಅವನು ಆಳುಗಳ ಕಡೆ ಹೊರಳಿದ. "ಏನ್ರೋ ಬಾಯ್ ಬಿಟ್ಕೊಂಡು ನಿಂತಿದ್ದೀರಿ? ಏಣಿ ತೆಗೀರೋ."

ಯಾರೂ ಅಲ್ಲಾಡಲಿಲ್ಲ.

"ತೆಗೀರೋ ಸೂಳೆಮಕ್ಳಾ. ಮೇಲೆ ಯಾವನಿದ್ದಾನೆ ಅಂತ?"

ಕುಳ್ಳ ಗಂಟಲು ಸರಿಮಾಡಿಕೊಂಡ. "ಚಪ್ಪಲಿ ಇದೆ ಧಣಿ."

ಸಾಹೇಬ ಕಿಟಕಿಯಿಂದ ನೋಡುತ್ತಿದ್ದ. ಗುತ್ತಿಗೆದಾರ ದಡದಡನೆ ಬಂದು ತಾನೇ ಏಣಿಯನ್ನು ತಬ್ಬಿ ಎಳೆದ. ಅದು ಇಬ್ಬರು ಹೊರುವ ಏಣಿ. ಇನ್ನೊಂದು ಕೊನೆ ಹಿಡಿಯಲು ಯಾರೂ ಮುಂದೆ ಬರಲಿಲ್ಲ. ಗೇಟಿನಾಚೆ ಅಕ್ಕ ತಿರುವು ದಾಟಿದ್ದಳು.